ಮುಂದಿನ ಫೋರ್ಕ್ ಆಯಿಲ್ ಮನೆಯಲ್ಲೇ ಬದಲಿಸಬಹುದಾ?

ಪ್ರಶ್ನೆ: ಸರ್, ನನ್ನದು ಎಂಟು ವರ್ಷ ಹಳೆಯ 150 ಸಿಸಿ ಬೈಕು. 46,000 ಕಿ.ಮೀ. ಓಡಿದೆ. ಈಚೆಗೆ ಮುಂದಿನ ಬ್ರೇಕ್ ಹಿಡಿದರೆ ಮೂತಿ ಸರ್ರನೆ ಕೆಳಗೆ ಹೋಗುತ್ತದೆ. ಗುಂಡಿಗೆ ಇಳಿದರೆ ಟಕ್ ಅಂತ ಕೈಗೆ ಹೊಡೆಯುತ್ತದೆ. ಗ್ಯಾರೇಜಿನಲ್ಲಿ ಮುಂದಿನ ಶಾಕ್ ಅಬ್ಸಾರ್ಬರ್ ಪೂರ್ತಿ ಬದಲಿಸಬೇಕು ಅಂದರು. ಫೋರ್ಕ್ ಆಯಿಲ್ ಬದಲಿಸಿದರೆ ಸಾಕು ಅಂತ ಗೆಳೆಯ ಹೇಳುತ್ತಾನೆ. ಇಲ್ಲಿವರೆಗೆ ಅದನ್ನು ಒಮ್ಮೆಯೂ ಬದಲಿಸಿಲ್ಲ. ನಾನೇ ಮನೆಯಲ್ಲಿ ಮಾಡಬಹುದಾ? ಏನೇನು ಬೇಕು?
— ಸಾಗರದ ಓದುಗರು

ಉತ್ತರ: ನಿಮ್ಮ ಗೆಳೆಯರ ಮಾತೇ ಸರಿ ಇರಬೇಕು ಅನಿಸುತ್ತದೆ. 46,000 ಕಿ.ಮೀ. ಒಂದೇ ಆಯಿಲಿನಲ್ಲಿ ಓಡಿದ್ದರೆ ಅದರಲ್ಲಿ ಸತ್ವ ಉಳಿದಿರುವುದಿಲ್ಲ. ಇಂಜಿನ್ ಆಯಿಲ್ ನಾವು ತಪ್ಪದೆ ಬದಲಿಸುತ್ತೇವೆ. ಚೈನಿಗೆ ಎಣ್ಣೆ ಬಿಡುತ್ತೇವೆ. ಫೋರ್ಕ್ ಅಂದರೆ ಮುಂದಿನ ಚಕ್ರ ಹಿಡಿದಿರುವ ಜೋಡಿ ಶಾಕ್ ಅಬ್ಸಾರ್ಬರ್. ಅದರ ಒಳಗೂ ಆಯಿಲ್ ಇದೆ ಅನ್ನುವುದು ಎಷ್ಟೋ ಜನಕ್ಕೆ ಸೀಲ್ (ಆಯಿಲ್ ತಡೆಯುವ ರಬ್ಬರ್ ಉಂಗುರ) ಸೋರಿದ ಮೇಲೇ ಗೊತ್ತಾಗುವುದು. ಐಟಿಐಯಲ್ಲಿ ಪಾಠ ಮಾಡುವಾಗ ನಾನು ಹುಡುಗರ ಎದುರು ಹಳೆಯ ಫೋರ್ಕ್ ಬಿಚ್ಚಿ, ಬಿಳಿ ತಟ್ಟೆಗೆ ಆಯಿಲ್ ಸುರಿದು ತೋರಿಸುತ್ತಿದ್ದೆ. ಹೊಸ ಫೋರ್ಕ್ ಆಯಿಲ್ ತಿಳಿಯಾಗಿರುತ್ತದೆ. ಹಳೆಯದು ಬೂದು ಬಣ್ಣಕ್ಕೆ ತಿರುಗಿ, ಮೀನು ಕೊಳೆತ ಹಾಗೆ ನಾರುತ್ತದೆ. ತಟ್ಟೆ ಓರೆ ಮಾಡಿದರೆ ತಳದಲ್ಲಿ ಬೆಳ್ಳಿ ಪುಡಿಯಂಥ ಗೆರೆ ನಿಲ್ಲುತ್ತದೆ. ಅದು ಒಳಗಿನ ಬುಶ್ (ಪೈಪು ಜಾರಲು ಇರುವ ಬಳೆ), ಪೈಪು, ಸ್ಪ್ರಿಂಗ್ ಸವೆದ ಲೋಹ. ನಿಮ್ಮ ಕಡೆಯ ಮಳೆಗೆ ಸೀಲ್ ದಾಟಿ ಒಂದಿಷ್ಟು ನೀರೂ ಒಳಗೆ ಹೋಗಿರುತ್ತದೆ.

ಈ ಆಯಿಲ್ ಮಾಡುವ ಕೆಲಸ ಏನು? ಬೈಕಿನ ಭಾರ ಹೊರುವುದು ಸ್ಪ್ರಿಂಗ್. ಆದರೆ ಸ್ಪ್ರಿಂಗ್ ಒಂದೇ ಇದ್ದರೆ ಅದು ಕುಣಿಯುತ್ತಲೇ ಇರುತ್ತದೆ. ಆ ಕುಣಿತ ತಡೆಯುವುದು ಆಯಿಲ್. ಫೋರ್ಕ್ ಒತ್ತಿದಾಗ, ಬಿಟ್ಟಾಗ ಒಳಗಿನ ಡ್ಯಾಂಪರ್ ರಾಡಿನ ತೂತುಗಳ ಮೂಲಕ ಆಯಿಲ್ ನುಗ್ಗಬೇಕು. ಪಿಚಕಾರಿಯ ತೂತು ಚಿಕ್ಕದಾದಷ್ಟೂ ಒತ್ತುವುದು ಕಷ್ಟ ಅಲ್ವಾ, ಹಾಗೆ. ಮೇಲೆ ಏಳುವಾಗಿನ ದಾರಿ ಇನ್ನೂ ಇಕ್ಕಟ್ಟು. ಅದಕ್ಕೇ ಫೋರ್ಕ್ ಬೇಗ ತಗ್ಗಿ, ನಿಧಾನಕ್ಕೆ ಏಳುತ್ತದೆ. ಆಯಿಲ್ ತೆಳುವಾದರೆ ಅಥವಾ ಕಮ್ಮಿಯಾಗಿ ಗಾಳಿ ಸೇರಿ ನೊರೆಯಾದರೆ ಈ ತಡೆ ಹೋಗುತ್ತದೆ. ಆಗ ಜಲ್ಲಿ ರಸ್ತೆಯಲ್ಲಿ ಬ್ರೇಕ್ ಹಿಡಿದರೆ ಚಕ್ರ ನೆಲಕ್ಕೆ ಅಂಟಿಕೊಂಡಿರುವ ಬದಲು ಪುಟಿಯುತ್ತದೆ. ಪುಟಿದ ಆ ಕ್ಷಣದಲ್ಲಿ ಬ್ರೇಕ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಕೈ ನೋವು, ಸೊಂಟ ನೋವು ಆಮೇಲಿನ ಮಾತು. ಬೈಕು ನಿಲ್ಲಬೇಕಾದ ಕಡೆ ನಿಲ್ಲಬೇಕಲ್ಲ, ಫೋರ್ಕ್ ಆಯಿಲ್ ಬಗ್ಗೆ ನಾನು ಇಷ್ಟು ಹೇಳುವುದು ಅದಕ್ಕೆ.

ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಟಕ್ ಅನ್ನುವುದೆಲ್ಲ ಫೋರ್ಕ್ ಆಯಿಲಿನ ದೋಷ ಅಲ್ಲ. ಬೈಕು ನಿಲ್ಲಿಸಿ, ಮುಂದಿನ ಬ್ರೇಕ್ ಗಟ್ಟಿ ಹಿಡಿದು ಬೈಕನ್ನು ಹಿಂದೆ ಮುಂದೆ ದೂಡಿ. ಇನ್ನೊಬ್ಬರು ಹ್ಯಾಂಡಲ್ ಕೆಳಗಿನ ಕುತ್ತಿಗೆಯ ಹತ್ತಿರ ಬೆರಳಿಟ್ಟಿರಲಿ. ಸಡಿಲ ಅಲ್ಲಿ ಸಿಕ್ಕಿದರೆ ಅದು ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್. ಫೋರ್ಕ್ ಪೈಪು ಬಾಟಮ್ (ಕೆಳಗಿನ ದಪ್ಪ ಕೊಳವೆ) ಒಳಗೆ ಹೋಗುವ ಜಾಗದಲ್ಲಿ ಅಲ್ಲಾಡಿದರೆ ಬುಶ್ ಸವೆದಿದೆ. ಇವೆರಡಕ್ಕೂ ಆಯಿಲ್ ಮದ್ದಲ್ಲ. ಆಮೇಲೆ ಪೈಪನ್ನು ಬಟ್ಟೆಯಿಂದ ಒರೆಸಿ, ಉಗುರು ಅಡ್ಡ ಇಟ್ಟು ಮೇಲಿಂದ ಕೆಳಗೆ ಎಳೆಯಿರಿ. ಉಗುರು ಎಲ್ಲಾದರೂ ತಡೆದರೆ ಅಲ್ಲಿ ತುಕ್ಕಿನ ಗುಳಿ ಇದೆ. ಅಂಥ ಪೈಪಿಗೆ ಹೊಸ ಸೀಲ್ ಹಾಕಿದರೂ ಬೇಗ ಹರಿಯುತ್ತದೆ. ಅಪಘಾತದಲ್ಲಿ ಪೈಪು ಬಾಗಿದ್ದರೂ ಅಷ್ಟೇ, ಅದು ವರ್ಕ್‌ಶಾಪಿನ ಕೆಲಸ. ಇದೆಲ್ಲ ಸರಿ ಇದ್ದರೆ ಆಯಿಲ್ ಬದಲಾವಣೆ ನೀವೇ ಮಾಡಬಹುದು. ಪೂರ್ತಿ ಫೋರ್ಕ್ ಬದಲಿಸುವ ಖರ್ಚು ಸದ್ಯಕ್ಕೆ ಬೇಡ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಸಾಕೆಟ್ ಸ್ಪ್ಯಾನರ್, ಅಲೆನ್ ಕೀ, ಸ್ಟೀಲ್ ಸ್ಕೇಲ್, ಮಿ.ಲೀ. ಗುರುತಿರುವ ಅಳತೆ ಪಾತ್ರೆ, ಮೆಡಿಕಲ್ ಶಾಪಿನಲ್ಲಿ ಸಿಗುವ 50 ಮಿ.ಲೀ. ಸಿರಿಂಜು, ಅದರ ಮೂತಿಗೆ ಕೂರುವ ಸಣ್ಣ ಪ್ಲಾಸ್ಟಿಕ್ ಟ್ಯೂಬು. ಎಷ್ಟು ಬಿಗಿದಿದ್ದೇವೆ ಅಂತ ತೋರಿಸುವ ಟಾರ್ಕ್ ರೆಂಚ್ ಎರವಲು ಸಿಕ್ಕರೆ ಒಳ್ಳೆಯದು. ಜೊತೆಗೆ ಒಬ್ಬ ಸಹಾಯಕ. ಆಯಿಲ್ ಯಾವ ಗ್ರೇಡ್, ಎಷ್ಟು ಮಿ.ಲೀ. ಅನ್ನುವುದನ್ನು ನಿಮ್ಮ ಬೈಕಿನ ಮ್ಯಾನ್ಯುಯಲ್‌ನಲ್ಲೇ ನೋಡಿ. ಈ ವರ್ಗದ ಬೈಕುಗಳಿಗೆ ಒಂದು ಲೆಗ್ಗಿಗೆ, ಅಂದರೆ ಫೋರ್ಕಿನ ಒಂದು ಕಾಲಿಗೆ, ಸುಮಾರು 150ರಿಂದ 200 ಮಿ.ಲೀ. ಹಿಡಿಯುವುದು ಸಾಮಾನ್ಯ. ಅಂದಾಜಿನ ಮೇಲೆ ಸುರಿಯಬೇಡಿ. ಸರ್ವಿಸ್ ಮ್ಯಾನ್ಯುಯಲ್‌ಗಳಲ್ಲಿ ಕೆಲವು ಸಲ ಎರಡು ಅಳತೆ ಇರುತ್ತವೆ. ಪೂರ್ತಿ ಬಿಚ್ಚಿ ತೊಳೆದಾಗಿನದು ಜಾಸ್ತಿ, ಬರೀ ಆಯಿಲ್ ಬದಲಿಸಿದಾಗಿನದು ಕಮ್ಮಿ. ಎಷ್ಟೇ ಬಸಿದರೂ ಒಳಗೆ ಸ್ವಲ್ಪ ಹಳೆಯದು ಉಳಿಯುತ್ತದೆ ಅನ್ನುವುದೇ ಈ ವ್ಯತ್ಯಾಸಕ್ಕೆ ಕಾರಣ. ನಿಮಗೆ ಬೇಕಾದ್ದು ಎರಡನೆಯದು.

ಬೈಕನ್ನು ಸಮ ನೆಲದಲ್ಲಿ ಮೇನ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಇಂಜಿನ್ ಕೆಳಗೆ ಮರದ ದಿಮ್ಮಿ ಇಟ್ಟು ಮುಂದಿನ ಚಕ್ರ ಎತ್ತಿ. ಮೇನ್ ಸ್ಟ್ಯಾಂಡ್ ಇಲ್ಲದ ಬೈಕಾದರೆ ಜ್ಯಾಕ್ ಕೊಡಿ, ಹಿಂಬದಿಯನ್ನು ಹಗ್ಗದಲ್ಲಿ ಕಿಟಕಿಯ ಸರಳಿಗೋ ಕಂಬಕ್ಕೋ ಬಿಗಿಯಿರಿ. ಸೈಡ್ ಸ್ಟ್ಯಾಂಡ್ ನಂಬಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಚಕ್ರ ಬಿಚ್ಚುವ ಮೊದಲೇ ಮಾಡಬೇಕಾದ ಒಂದು ಕೆಲಸ ಇದೆ. ಫೋರ್ಕಿನ ಎರಡೂ ಪೈಪನ್ನು ಹಿಡಿದಿರುವ ಟಿ ಪ್ಲೇಟ್ ಮೇಲೊಂದು, ಕೆಳಗೊಂದು ಇರುತ್ತದೆ. ಮೇಲಿನ ಟಿ ಪ್ಲೇಟಿನ ಬೋಲ್ಟ್ ಸಡಿಲಿಸಿ, ಫೋರ್ಕಿನ ಮೇಲಿನ ಕ್ಯಾಪನ್ನು ಕಾಲು ಸುತ್ತು ಮಾತ್ರ ತಿರುಗಿಸಿಟ್ಟುಕೊಳ್ಳಿ. ಲೆಗ್ ಕೈಗೆ ಬಂದ ಮೇಲೆ ಆ ಕ್ಯಾಪ್ ಬಿಚ್ಚುವುದು ಬಹಳ ಕಷ್ಟ. ಟಿ ಪ್ಲೇಟ್ ಬಿಗಿಯಾಗಿದ್ದಾಗಲೇ ಬಲ ಹಾಕಿದರೆ ಕ್ಯಾಪಿನ ಥ್ರೆಡ್ ಹಾಳಾಗುತ್ತದೆ. ಹ್ಯಾಂಡಲ್ ಅಡ್ಡ ಬಂದರೆ ಅದರ ಕ್ಲಾಂಪ್ ಬಿಚ್ಚಿ, ಟ್ಯಾಂಕಿಗೆ ದಪ್ಪ ಬಟ್ಟೆ ಹೊದಿಸಿ ಹಿಂದಕ್ಕೆ ಒರಗಿಸಿ. ಬ್ರೇಕ್ ಫ್ಲೂಯಿಡ್ ಡಬ್ಬಿ ನೆಟ್ಟಗೇ ಇರಲಿ. ಅದರ ಒಂದು ಹನಿ ಬಿದ್ದರೂ ಟ್ಯಾಂಕಿನ ಬಣ್ಣ ಎದ್ದು ಬರುತ್ತದೆ.

ಆಮೇಲೆ ಡಿಸ್ಕ್ ಬ್ರೇಕಿನ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಬಿಚ್ಚಿ ದಾರದಲ್ಲಿ ಕಟ್ಟಿ ತೂಗು ಹಾಕಿ. ಬ್ರೇಕ್ ಹೋಸಿನ ಮೇಲೆ ಅದರ ಭಾರ ಬೀಳಬಾರದು. ಎರಡು ಪ್ಯಾಡ್ ನಡುವೆ ಮಡಚಿದ ರಟ್ಟು ಸಿಕ್ಕಿಸಿ. ಚಕ್ರ ಹೊರಗಿದ್ದಾಗ ಯಾರಾದರೂ ಸುಮ್ನೆ ಬ್ರೇಕ್ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದು ಇನ್ನೂ ಮುಖ್ಯ. ಆಕ್ಸಲ್, ಚಕ್ರ, ಮಡ್‌ಗಾರ್ಡ್ ಬಿಚ್ಚಿದ ಮೇಲೆ ಟಿ ಪ್ಲೇಟಿಗಿಂತ ಪೈಪು ಎಷ್ಟು ಮೇಲೆ ಬಂದಿದೆ ಅಂತ ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ. ಕೆಳಗಿನ ಟಿ ಪ್ಲೇಟಿನ ಬೋಲ್ಟ್ ಸಡಿಲಿಸಿ, ಲೆಗ್ಗನ್ನು ಅತ್ತಿತ್ತ ತಿರುಚುತ್ತಾ ಕೆಳಕ್ಕೆ ಎಳೆಯಿರಿ. ಒಂದು ಲೆಗ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಅನುಮಾನ ಬಂದಾಗ ನೋಡಿಕೊಳ್ಳಲು ಮಾದರಿ ಎದುರಿಗೇ ಇರುತ್ತದೆ.

ಈಗ ಕ್ಯಾಪ್. ಒಳಗಿನ ಸ್ಪ್ರಿಂಗ್ ಅದನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಕೊನೆಯ ಒಂದೆರಡು ಸುತ್ತಿಗೆ ಬಟ್ಟೆ ಮುಚ್ಚಿ, ಅಂಗೈಯಿಂದ ಒತ್ತಿ ಹಿಡಿದು ಬಿಚ್ಚಿ. ಮುಖ ಅದರ ನೇರಕ್ಕೆ ಇರಬಾರದು. ಕೆಲವು ಬೈಕುಗಳಲ್ಲಿ ಥ್ರೆಡ್ ಇರುವುದಿಲ್ಲ. ಬಿರಡೆಯನ್ನು ಒಂದು ತಂತಿ ಉಂಗುರ ತಡೆದಿರುತ್ತದೆ. ಅದಕ್ಕೆ ಒಬ್ಬರು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಉಂಗುರ ತೆಗೆಯಬೇಕು. ಸ್ಪ್ರಿಂಗ್, ವಾಷರ್, ಸ್ಪೇಸರ್ ಬಂದ ಕ್ರಮದಲ್ಲೇ ಹಳೆಯ ಪೇಪರ್ ಮೇಲೆ ಜೋಡಿಸಿ. ಸ್ಪ್ರಿಂಗಿನ ಒತ್ತಾದ ಸುತ್ತುಗಳು ಯಾವ ಕಡೆ ಇದ್ದವು ಅಂತ ಫೋಟೋ ತೆಗೆದುಕೊಳ್ಳಿ. ಸ್ಪ್ರಿಂಗ್ ಕೈಗೆ ಬಂದಿರುವಾಗಲೇ ಉದ್ದ ಅಳೆಯಿರಿ. ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಮಿತಿಗಿಂತ ಗಿಡ್ಡ ಆಗಿದ್ದರೆ ಅದು ಕೂತಿದೆ, ಎರಡೂ ಕಡೆಯದನ್ನು ಬದಲಿಸಬೇಕು. ಮೂತಿ ತಗ್ಗುವುದಕ್ಕೆ ಅದೂ ಒಂದು ಕಾರಣ.

ಲೆಗ್ಗನ್ನು ಬೋರಲು ಹಾಕಿ ಆಯಿಲ್ ಅಳತೆ ಪಾತ್ರೆಗೆ ಬಸಿಯಿರಿ. ನಿಧಾನಕ್ಕೆ ಹತ್ತು ಸಲ ಪಂಪ್ ಮಾಡಿ. ಆಮೇಲೆ ಅರ್ಧ ಗಂಟೆ ಹಾಗೇ ಬೋರಲು ಒರಗಿಸಿಡಿ. ಸೀಮೆಎಣ್ಣೆ ಹಾಕಿ ಕುಲುಕುವ ಅಭ್ಯಾಸ ಕೆಲವರಿಗಿದೆ. ಪೂರ್ತಿ ಬಿಚ್ಚದ ಫೋರ್ಕಿಗೆ ಅದು ಬೇಡ. ಮೂಲೆಯಲ್ಲಿ ಉಳಿದ ಸೀಮೆಎಣ್ಣೆ ಹೊಸ ಆಯಿಲನ್ನೇ ತೆಳು ಮಾಡುತ್ತದೆ. ತೀರಾ ಕೆಸರಿದ್ದರೆ ಒಂದಿಷ್ಟು ಹೊಸ ಫೋರ್ಕ್ ಆಯಿಲನ್ನೇ ಹಾಕಿ ಪಂಪ್ ಮಾಡಿ ಬಸಿಯಿರಿ. ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಬಾಟಮ್‌ನ ತಳದಲ್ಲಿರುವ ಅಲೆನ್ ಬೋಲ್ಟ್ ಮುಟ್ಟಬೇಡಿ. ಸೀಲ್ ಬದಲಿಸುವಾಗ ಮಾತ್ರ ಅದರ ಕೆಲಸ.

ತುಂಬಿಸುವ ಹಂತಕ್ಕೆ ಅವಸರ ಬೇಡ. ಲೆಗ್ಗನ್ನು ನೆಟ್ಟಗೆ ನಿಲ್ಲಿಸಿ, ಹೇಳಿದ ಅಳತೆಯ ಮುಕ್ಕಾಲು ಪಾಲು ಸುರಿಯಿರಿ. ಪೈಪನ್ನು ನಿಧಾನವಾಗಿ ಪೂರ್ತಿ ಮೇಲೆ, ಪೂರ್ತಿ ಕೆಳಗೆ ಆಡಿಸಿ. ಮೊದಲ ಸಲ ಕೈಗೆ ಏನೂ ತಡೆ ಸಿಗುವುದಿಲ್ಲ, ಗುಳುಗುಳು ಅಂತ ಗುಳ್ಳೆ ಏಳುತ್ತದೆ. ಆಡಿಸುತ್ತಾ ಹೋದ ಹಾಗೆ ಒಂದು ಹಂತದಲ್ಲಿ ಕೈಗೆ ಸಮನಾದ ಬಿಗಿ ಸಿಗುತ್ತದೆ. ಗಾಳಿ ಹೋಗಿ ಆಯಿಲ್ ತನ್ನ ಜಾಗ ಹಿಡಿದಿದೆ ಅಂತ ಅರ್ಥ. ಉಳಿದದ್ದನ್ನು ಸುರಿದು ಹತ್ತು ನಿಮಿಷ ಬಿಡಿ.

ನಿಮ್ಮ ಮ್ಯಾನ್ಯುಯಲ್‌ನಲ್ಲಿ ಮಿ.ಲೀ. ಜೊತೆಗೆ ಆಯಿಲ್ ಮಟ್ಟವನ್ನೂ ಮಿ.ಮೀ. ಲೆಕ್ಕದಲ್ಲಿ ಕೊಟ್ಟಿದ್ದರೆ ಅದನ್ನೇ ನಂಬಿ. ಸ್ಪ್ರಿಂಗ್ ಹೊರಗೆ, ಪೈಪು ಪೂರ್ತಿ ಕೆಳಗೆ, ಪೈಪಿನ ಮೇಲಂಚಿನಿಂದ ಆಯಿಲಿನವರೆಗೆ ಎಷ್ಟು ಅನ್ನುವುದು ಆ ಅಳತೆ. ಇದಕ್ಕೇ ಸಿರಿಂಜು. ಟ್ಯೂಬಿನ ತುದಿಯಿಂದ ಅಷ್ಟೇ ಮಿ.ಮೀ. ಅಳೆದು, ಅಲ್ಲಿ ಟೇಪ್ ಸುತ್ತಿ ಗುರುತು ಮಾಡಿ. ಟೇಪ್ ಪೈಪಿನ ಅಂಚಿಗೆ ಬರುವವರೆಗೆ ಟ್ಯೂಬನ್ನು ನೇರವಾಗಿ ಇಳಿಬಿಡಿ. ಆಯಿಲನ್ನು ಒಂದು ಚೂರು ಜಾಸ್ತಿಯೇ ಹಾಕಿಟ್ಟುಕೊಂಡು ಸಿರಿಂಜು ಎಳೆಯಿರಿ. ಹೆಚ್ಚಿನದು ಸಿರಿಂಜಿಗೆ ಬರುತ್ತದೆ. ಗಾಳಿ ಬರತೊಡಗಿದಾಗ ಮಟ್ಟ ಸರಿಯಾಯಿತು. ಇನ್ನೊಂದು ಲೆಗ್ಗಿಗೂ ಅದೇ ಗುರುತು, ಅದೇ ಟ್ಯೂಬು. ಎರಡೂ ಕಡೆ ಒಂದೇ ಮಟ್ಟ ಬರುವುದು ಈ ಇಡೀ ಕೆಲಸದ ಜೀವಾಳ.

ಜೋಡಿಸುವಾಗ ಕ್ಯಾಪಿನ ಓ ರಿಂಗಿಗೆ ಸ್ವಲ್ಪ ಆಯಿಲ್ ಸವರಿ, ಕೈಯಲ್ಲೇ ಸುತ್ತು ಕೂರಿಸಿ. ಆ ಥ್ರೆಡ್ ಬಹಳ ಸಣ್ಣ. ಓರೆಯಾಗಿ ಕೂತದ್ದನ್ನು ಸ್ಪ್ಯಾನರ್ ಹಾಕಿ ತಿರುಗಿಸಿದರೆ ಪೈಪೇ ಹೋಯಿತು. ಬರೆದಿಟ್ಟ ಎತ್ತರಕ್ಕೆ ಲೆಗ್ ಕೂರಿಸಿ. ಮೊದಲು ಕೆಳಗಿನ ಟಿ ಪ್ಲೇಟ್ ಬೋಲ್ಟ್, ಆಮೇಲೆ ಕ್ಯಾಪ್, ಕೊನೆಗೆ ಮೇಲಿನ ಟಿ ಪ್ಲೇಟ್ ಬೋಲ್ಟ್ ಬಿಗಿಯಿರಿ. ಚಕ್ರ, ಕ್ಯಾಲಿಪರ್ ಕೂರಿಸಿದ ಮೇಲೆ ಆಕ್ಸಲನ್ನು ಪೂರ್ತಿ ಬಿಗಿಯುವ ಮೊದಲು ಬೈಕನ್ನು ನೆಲಕ್ಕಿಳಿಸಿ. ಬ್ರೇಕ್ ಲಿವರ್ ಗಟ್ಟಿಯಾಗುವವರೆಗೆ ಒತ್ತಿ. ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಜೋರಾಗಿ ಒತ್ತಿ ಬಿಡಿ. ಎರಡು ಲೆಗ್ಗೂ ತಮ್ಮ ಸಾಲಿಗೆ ಬರುತ್ತವೆ. ಆಮೇಲೆ ಆಕ್ಸಲ್ ಬಿಗಿಯಿರಿ. ಇದನ್ನು ಬಿಟ್ಟರೆ ಹೊಸ ಆಯಿಲ್ ಹಾಕಿದರೂ ಫೋರ್ಕ್ ಹಿಡಿದುಹಿಡಿದು ಆಡುತ್ತದೆ. ಲಿವರ್ ಗಟ್ಟಿ ಆಗದೆ ಗೇಟು ದಾಟಬೇಡಿ.

ಪ್ರಶ್ನೆ: ಫೋರ್ಕ್ ಆಯಿಲ್ ಸಿಗಲಿಲ್ಲ ಅಂತ ನಮ್ಮ ಮೆಕ್ಯಾನಿಕ್ 20ಡಬ್ಲ್ಯೂ-40 ಇಂಜಿನ್ ಆಯಿಲ್ ಹಾಕಿದ್ದಾರೆ. ಏನೂ ಆಗಲ್ಲ ಅನ್ನುತ್ತಾರೆ. ನಿಜವಾ?
— ದಾವಣಗೆರೆಯ ಓದುಗರು

ಉತ್ತರ: ಬೈಕು ಓಡುತ್ತದೆ, ಆದರೆ ಸರಿಯಾಗಿ ಅಲ್ಲ. ಸಾಮಾನ್ಯ 10ಡಬ್ಲ್ಯೂ ಗ್ರೇಡಿನ ಫೋರ್ಕ್ ಆಯಿಲಿನ ದಪ್ಪ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ಸೆಂಟಿಸ್ಟೋಕ್ಸ್ ಆಸುಪಾಸು. 20ಡಬ್ಲ್ಯೂ-40 ಇಂಜಿನ್ ಆಯಿಲಿನದು ಅದೇ ಬಿಸಿಗೆ 100ಕ್ಕಿಂತ ಜಾಸ್ತಿ. ಮೂರು ಪಟ್ಟು ದಪ್ಪದ ಆಯಿಲ್ ಅದೇ ಸಣ್ಣ ತೂತಿನಲ್ಲಿ ನುಗ್ಗಬೇಕು. ಒಂದರ ಹಿಂದೆ ಒಂದು ಗುಂಡಿ ಬಂದರೆ ಫೋರ್ಕ್ ಮೇಲೆ ಏಳುವ ಮೊದಲೇ ಮತ್ತೆ ತಗ್ಗಬೇಕಾಗುತ್ತದೆ. ಹೀಗೆ ತಗ್ಗುತ್ತಲೇ ಹೋಗಿ ತಳ ಮುಟ್ಟುತ್ತದೆ. ಜೊತೆಗೆ ಇಂಜಿನ್ ಆಯಿಲನ್ನು ಮಾಡಿರುವುದು ಮಸಿ ಹಿಡಿದಿಟ್ಟುಕೊಳ್ಳಲು. ಫೋರ್ಕ್ ಆಯಿಲನ್ನು ಮಾಡಿರುವುದು ನೊರೆ ಏಳದೆ ಓಡಾಡಲು. ಎರಡರ ಕೆಲಸವೇ ಬೇರೆ.

1970ರ ದಶಕದ ಹೋಂಡಾ ಬೈಕುಗಳ ಮ್ಯಾನ್ಯುಯಲ್‌ಗಳಲ್ಲಿ ಫೋರ್ಕಿಗೆ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಹಾಕಿ ಅಂತಲೇ ಇತ್ತು. ಅದು ತೆಳು ಆಯಿಲ್, ಆ ಫೋರ್ಕಿಗೆ ಲೆಕ್ಕ ಹಾಕಿ ಹೇಳಿದ್ದು. ಹಾಗಾಗಿ ಡಬ್ಬಿಯ ಹೆಸರಿಗಿಂತ ನಿಮ್ಮ ಬೈಕಿನ ಮ್ಯಾನ್ಯುಯಲ್ ಮುಖ್ಯ. ಇನ್ನೊಂದು ವಿಷಯ. ಫೋರ್ಕ್ ಆಯಿಲ್ ಡಬ್ಬಿಯ ಮೇಲಿನ 10ಡಬ್ಲ್ಯೂ, 15ಡಬ್ಲ್ಯೂ ಎಲ್ಲ ಕಂಪನಿಗೂ ಒಂದೇ ಅಲ್ಲ. ಒಬ್ಬರ 10 ಇನ್ನೊಬ್ಬರ 15ರ ಹತ್ತಿರ ಇರುತ್ತದೆ. ಕಂಪನಿ ಬದಲಿಸುವುದಾದರೆ 40 ಡಿಗ್ರಿಯ ಸೆಂಟಿಸ್ಟೋಕ್ಸ್ ಅಂಕಿ ಹೋಲಿಸಿ ನೋಡಿ. ನಿಮ್ಮ ಮೆಕ್ಯಾನಿಕ್‌ಗೆ ಮರ್ಯಾದೆಯಿಂದಲೇ ಹೇಳಿ, ಸರಿಯಾದ ಆಯಿಲ್ ನೀವೇ ತಂದು ಕೊಡಿ. ಬೇಡ ಅನ್ನುವವರು ಕಮ್ಮಿ.

ಪ್ರಶ್ನೆ: ನಮಸ್ಕಾರ ಸರ್. ಹೋದ ತಿಂಗಳು ಫೋರ್ಕ್ ಆಯಿಲ್ ಬದಲಿಸಿದರು. ಆವತ್ತಿನಿಂದ ಬೈಕು ಕಲ್ಲಿನ ಹಾಗೆ ಗಟ್ಟಿ. ನನ್ನ ತೂಕವೂ ಕಮ್ಮಿ, ಫೋರ್ಕ್ ಅಲ್ಲಾಡುವುದೇ ಇಲ್ಲ. ಈಗ ಒಂದು ಪೈಪಿನಲ್ಲಿ ಆಯಿಲಿನ ಉಂಗುರ ಕಾಣುತ್ತಿದೆ. ಕೇಳಿದರೆ ಹೊಸದಾಗಿ ಹಾಗೇ ಇರುತ್ತೆ ಮೇಡಂ ಅನ್ನುತ್ತಾರೆ.
— ಮೈಸೂರಿನ ಓದುಗರು

ಉತ್ತರ: ಇಲ್ಲಮ್ಮ, ಹಾಗಿರಬಾರದು. ನೀವು ಹೇಳಿದ ಎರಡೂ ಲಕ್ಷಣ ಸೇರಿಸಿ ನೋಡಿದರೆ ಆಯಿಲ್ ಜಾಸ್ತಿ ತುಂಬಿರುವಂತೆ ಕಾಣುತ್ತದೆ. ಆಯಿಲಿನ ಮೇಲೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗ್. ಫೋರ್ಕ್ ತಗ್ಗಿದಾಗ ಆ ಗಾಳಿ ಒತ್ತಿಕೊಂಡು ಎದುರು ತಳ್ಳುತ್ತದೆ. ಆಯಿಲ್ ಮಟ್ಟ ಮೇಲೆ ಹೋದರೆ ಗಾಳಿಗೆ ಜಾಗ ಕಮ್ಮಿ. ಆಗ ಸ್ವಲ್ಪ ತಗ್ಗಿದರೂ ಒತ್ತಡ ಏರುತ್ತದೆ. ಆ ಒತ್ತಡ ಕೊನೆಗೆ ಸೀಲಿನ ಮೇಲೆ ಬೀಳುತ್ತದೆ. ಆಯಿಲ್ ಹಾಕಿದ ಕಡೆಯೇ ಹೋಗಿ, ಎಷ್ಟು ಮಿ.ಲೀ. ಹಾಕಿದಿರಿ, ಯಾವ ಗ್ರೇಡ್ ಹಾಕಿದಿರಿ ಅಂತ ಕೇಳಿ. ಕ್ಯಾಪ್ ತೆಗೆದು ಎರಡೂ ಕಡೆಯ ಮಟ್ಟ ಅಳೆಯಲು ಹೇಳಿ. ಅದು ನಿಮ್ಮ ಹಕ್ಕು.

ಸೋರಿಕೆಗೆ ಹೊಸ ಸೀಲೇ ಬೇಕು ಅಂತೇನಿಲ್ಲ. ಎಷ್ಟೋ ಸಲ ಸೀಲಿನ ತುಟಿಗೆ ಮಣ್ಣಿನ ಕಣ ಸಿಕ್ಕಿರುತ್ತದೆ. ಸೀಲಿನ ಮೇಲೆ ಧೂಳು ತಡೆಯಲು ಇರುವ ಡಸ್ಟ್ ಸೀಲನ್ನು ಮೆಲ್ಲಗೆ ಮೇಲೆತ್ತಿ, ಹಳೆಯ ಎಕ್ಸ್‌ರೇ ಫಿಲ್ಮಿನ ಎರಡು ಬೆರಳಗಲದ ಪಟ್ಟಿ ಕತ್ತರಿಸಿಕೊಳ್ಳಿ. ಅದರ ತುದಿಗೆ ಚಿಕ್ಕ ಕೊಕ್ಕೆ ಆಕಾರ ಕೊಟ್ಟು, ಪೈಪು ಮತ್ತು ಸೀಲಿನ ನಡುವೆ ತೂರಿಸಿ ಸುತ್ತ ಒಮ್ಮೆ ಆಡಿಸಿದರೆ ಕಣ ಹೊರಗೆ ಬರುತ್ತದೆ. ಲೋಹದ್ದು ಯಾವುದನ್ನೂ ತೂರಿಸಬೇಡಿ. ಒರೆಸಿ ಎರಡು ದಿನ ಓಡಿಸಿ ನೋಡಿ. ಉಂಗುರ ಮತ್ತೆ ಕಂಡರೆ ಸೀಲ್ ಬದಲಿಸಿ.

ಸೋರುತ್ತಿರುವುದು ಡಿಸ್ಕ್ ಇರುವ ಕಡೆಯಾದರೆ ಇವತ್ತೇ ಪ್ಯಾಡ್ ತೆಗೆಸಿ ನೋಡಿ. ಆಯಿಲ್ ಕುಡಿದ ಪ್ಯಾಡನ್ನು ಉಜ್ಜಿ, ಸುಟ್ಟು ಮತ್ತೆ ಹಾಕುವವರಿದ್ದಾರೆ. ಅದಕ್ಕೆ ಒಪ್ಪಬೇಡಿ. ಹೊಸ ಪ್ಯಾಡ್ ಹಾಕಿಸಿ, ಡಿಸ್ಕನ್ನು ಬ್ರೇಕ್ ಕ್ಲೀನರಿನಲ್ಲಿ ಒರೆಸಿ.

ಪ್ರಶ್ನೆ: ನನ್ನದು ಕೆಟಿಎಂ 390 ಡ್ಯೂಕ್. ಇದರ ತಲೆಕೆಳಗಾದ ಫೋರ್ಕಿನ ಆಯಿಲನ್ನೂ ಮನೆಯಲ್ಲೇ ಬದಲಿಸಬಹುದಾ?
— ಉಡುಪಿಯ ಓದುಗರು

ಉತ್ತರ: ಮೊದಲ ಸಲಕ್ಕೆ ಬೇಡ. ಅದರಲ್ಲಿರುವುದು ಡಬ್ಲ್ಯೂಪಿ ಕಂಪನಿಯ 43 ಮಿ.ಮೀ. ಫೋರ್ಕ್. ದಪ್ಪ ಕೊಳವೆ ಮೇಲೆ, ಪೈಪು ಕೆಳಗೆ, ಒಳಗಿನ ವ್ಯವಸ್ಥೆಯೂ ಬೇರೆ. ಕ್ಯಾಪ್ ಬಿಚ್ಚಿದರೂ ಅದು ಒಳಗಿನ ರಾಡಿಗೆ ಕಚ್ಚಿಕೊಂಡಿರುತ್ತದೆ, ಸ್ಪ್ರಿಂಗ್ ಹಾಗೇ ಕೈಗೆ ಬರುವುದಿಲ್ಲ. ಅದಕ್ಕೆ ಬೇರೆ ಹತಾರ ಬೇಕು. ಸೀಲ್ ಇರುವುದು ಹೊರ ಕೊಳವೆಯ ಕೆಳತುದಿಯಲ್ಲಿ. ಅದು ಸೋರಿದರೆ ಆಯಿಲ್ ನೇರ ಕೆಳಕ್ಕೆ, ಬ್ರೇಕಿನ ಕಡೆಗೇ ಇಳಿಯುತ್ತದೆ. ತಿಳಿದವರು ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ. ನೀವು ಸಮುದ್ರದ ಹತ್ತಿರ ಇರುವವರು, ಹಾಗಾಗಿ ಪೈಪನ್ನು ವಾರಕ್ಕೊಮ್ಮೆ ಸಿಹಿ ನೀರಿನಲ್ಲಿ ಒರೆಸಿ ಒಣಗಿಸಿ. ಉಪ್ಪಿನ ತುಕ್ಕಿನ ಗುಳಿ ಬಿದ್ದರೆ ಸೀಲ್ ಉಳಿಯುವುದಿಲ್ಲ. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಗನ್ನನ್ನು ಸೀಲಿಗೆ ನೇರ ಹಿಡಿಯಲು ಬಿಡಬೇಡಿ.

ಪ್ರಶ್ನೆ: ಬಸಿದ ಹಳೆಯ ಫೋರ್ಕ್ ಆಯಿಲ್ ಏನು ಮಾಡುವುದು? ಗೆದ್ದಲು ಬರದಂತೆ ಕೊಟ್ಟಿಗೆ ಕಂಬಕ್ಕೆ ಬಳಿಯಬಹುದಾ?
— ಶಿರಸಿಯ ಓದುಗರು

ಉತ್ತರ: ನಮ್ಮ ಕಡೆ ಹಾಗೆ ಬಳಿಯುವುದನ್ನು ನಾನೂ ನೋಡಿದ್ದೇನೆ. ಬೇಡ. ಅದರಲ್ಲಿ ಲೋಹದ ಪುಡಿ ಇರುತ್ತದೆ, ದನ ಆ ಕಂಬ ನೆಕ್ಕುತ್ತದೆ. ಚರಂಡಿಗೆ, ತೋಟದ ಕಾಲುವೆಗೆ ಸುರಿಯುವುದಂತೂ ಬೇಡವೇ ಬೇಡ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲೇ ಬರುತ್ತದೆ. ಗಟ್ಟಿ ಮುಚ್ಚಳದ ಬಾಟಲಿಗೆ ತುಂಬಿ, ಮೇಲೆ ಏನು ಅಂತ ಬರೆದಿಡಿ. ಕುಡಿಯುವ ನೀರಿನ ಬಾಟಲಿ ಬಳಸಬೇಡಿ, ಮಕ್ಕಳು ಬಾಯಿಗಿಡುತ್ತಾರೆ. ದೊಡ್ಡ ಗ್ಯಾರೇಜುಗಳಲ್ಲಿ ಹಳೆಯ ಇಂಜಿನ್ ಆಯಿಲ್ ಸಂಗ್ರಹಿಸುವ ಡ್ರಮ್ ಇರುತ್ತದೆ. ಮುಂದಿನ ಸಲ ಪೇಟೆಗೆ ಹೋದಾಗ ಕೇಳಿ ಅದಕ್ಕೆ ಸುರಿದು ಬನ್ನಿ.